ಒಂದು ವರ್ಷ ಒದ್ದಾಡಿದೆ, ಗುರಿ ಮುಟ್ಲಿಲ್ಲ. ಮತ್ತೆ ಶುರು ಮಾಡೋಕೆ ಮನಸ್ಸೇ ಬರ್ತಿಲ್ಲ, ನೀವೆಲ್ಲ ಏನ್ ಮಾಡ್ತೀರ?

ಬೆಳಗಿನ_ಹೆಜ್ಜೆ:
ಎಲ್ರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಬರೀ ಓದ್ತಿದ್ದೆ, ಇವತ್ತು ಬರೀಲೇಬೇಕು ಅನ್ಸ್ತು. ನನಗೆ 39 ವರ್ಷ. ಹನ್ನೊಂದು ತಿಂಗಳ ಹಿಂದೆ ಒಂದು ಕಿಲೋಮೀಟರ್ ಓಡೋಷ್ಟ್ರಲ್ಲಿ ಏದುಸಿರು ಬರ್ತಿತ್ತು. ಅಲ್ಲಿಂದ ಶುರು ಮಾಡಿ ಹಾಫ್ ಮ್ಯಾರಥಾನ್ (ಸುಮಾರು 21 ಕಿಲೋಮೀಟರ್) ಓಡ್ಬೇಕು, ಅದೂ 2 ಗಂಟೆ ಒಳಗೆ ಮುಗಿಸ್ಬೇಕು ಅಂತ ಗುರಿ ಇಟ್ಕೊಂಡೆ. ವಾರಕ್ಕೆ ನಾಲ್ಕು ದಿನ ಕತ್ತಲಿರೋವಾಗ್ಲೇ ಎದ್ದು, ಮನೆಯವ್ರ ನಿದ್ದೆ ಕೆಡಬಾರ್ದು ಅಂತ ಶೂಸ್ ಕೈಯಲ್ಲಿ ಹಿಡ್ಕೊಂಡು ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತು ಲೇಸ್ ಕಟ್ಕೊಂಡು ಓಡಿದೀನಿ. ಮಳೆಗೂ ಬಿಟ್ಟಿಲ್ಲ, ಜ್ವರ ಬಂದಾಗ ಒಂದು ವಾರ ಬಿಟ್ಟಿದ್ದು ಅಷ್ಟೇ.

ಮೂರು ವಾರದ ಹಿಂದೆ ಓಟ ಆಯ್ತು. 2 ಗಂಟೆ 17 ನಿಮಿಷ. 15ನೇ ಕಿಲೋಮೀಟರ್ ಹತ್ರ ವಾಚ್ ನೋಡ್ದೆ, ಇನ್ನು ಆಗಲ್ಲ ಅಂತ ಗೊತ್ತಾಯ್ತು, ಅದೇ ಕ್ಷಣ ಕಾಲಿಗೆ ಕಲ್ಲು ಕಟ್ಟಿದ ಹಾಗೆ ಆಯ್ತು. ಕೊನೇ 6 ಕಿಲೋಮೀಟರ್ ನಡ್ಕೊಂಡು ಓಡ್ಕೊಂಡು ಹೇಗೋ ಮುಗಿಸ್ದೆ. ಮೆಡಲ್ ಕೊಟ್ರು, ಕೊರಳಿಗೆ ಹಾಕ್ಕೊಳ್ದೆ ಜೇಬಿಗೆ ಹಾಕ್ಕೊಂಡು ಬಂದೆ.

ಅವತ್ತಿಂದ ಶೂಸ್ ಬಾಗಿಲ ಹತ್ರ ಹಾಗೇ ಬಿದ್ದಿದೆ. ಅಡಿಗೆ ಅಂಟಿದ್ದ ಕೆಸರು ಒಣಗಿ ಪುಡಿ ಉದುರ್ತಿದೆ, ಗುಡಿಸೋವಾಗ ನೋಡ್ತೀನಿ, ಎತ್ತಿಡಲ್ಲ. ಅಲಾರಂ ಇನ್ನೂ ಅದೇ ಹೊತ್ತಿಗೆ ಹೊಡ್ಯುತ್ತೆ, ಆಫ್ ಮಾಡಿ ಮಲಗ್ತೀನಿ ಆದ್ರೆ ನಿದ್ದೆ ಬರಲ್ಲ. ಇಷ್ಟೆಲ್ಲ ಮಾಡಿ ಹದಿನೇಳು ನಿಮಿಷ ದೂರ ಉಳಿದೆ ಅಂದ್ರೆ ನನ್ನ ಕೈಲಿ ಆಗಲ್ಲ ಅಂತಾನೇ ಅರ್ಥ ಅಲ್ವಾ? ಇಂಥದ್ದು ನಿಮಗೆ ಆದಾಗ ಮತ್ತೆ ಹೇಗೆ ಎದ್ರಿ ಅಂತ ನಿಜವಾಗ್ಲೂ ತಿಳ್ಕೋಬೇಕು.

ಸುಮ್ನೆ_ಓದುಗ:
ಮೊದ್ಲು ಆ ಮೆಡಲ್ ಜೇಬಿಂದ ತೆಗೀರಿ ಸರ್. ಬಾಕಿದ್ದು ಆಮೇಲೆ ಮಾತಾಡೋಣ.

ತಂಗಾಳಿ_ಸಂಜೆ:
ನಂಗೂ ಹೀಗೇ ಆಗಿತ್ತು. ದೊಡ್ಡ ಗುರಿ ಮುಗಿದ ಮೇಲೆ, ಗೆದ್ರೂ ಸೋತ್ರೂ, ಒಂದಷ್ಟು ದಿನ ಒಳಗೆಲ್ಲ ಖಾಲಿ ಖಾಲಿ ಅನ್ಸುತ್ತೆ. ತಿಂಗಳುಗಟ್ಟಲೆ ಬೆಳಿಗ್ಗೆ ಏಳೋಕೆ ಇದ್ದ ಕಾರಣ ಒಂದೇ ದಿನದಲ್ಲಿ ಇಲ್ಲವಾಗಿಬಿಡುತ್ತೆ ನೋಡಿ, ಮನಸ್ಸಿಗೆ ಅದು ತಡ್ಕೊಳೋಕೆ ಸಮಯ ಬೇಕು. ಮೂರು ವಾರ ಅಂದ್ರೆ ಏನೂ ಜಾಸ್ತಿ ಅಲ್ಲ. ಈ ಮನಸ್ಥಿತೀಲಿ "ನನ್ನ ಕೈಲಿ ಆಗಲ್ಲ" ಅಂತ ತೀರ್ಪು ಕೊಟ್ಕೋಬೇಡಿ, ಅದೊಂದನ್ನ ಮಾತ್ರ ಮುಂದಕ್ಕೆ ಹಾಕಿ.

ನೇರನುಡಿ:
ಸಮಾಧಾನ ಹೇಳೋರು ಬೇಕಾದಷ್ಟು ಜನ ಸಿಗ್ತಾರೆ, ನಾನು ಬೇರೆ ಹೇಳ್ತೀನಿ ಬೇಜಾರ್ ಮಾಡ್ಕೋಬೇಡಿ. ಗುರಿ ಇಟ್ರಿ, ಮುಟ್ಲಿಲ್ಲ, ಅಂದ್ರೆ ಎಲ್ಲೋ ಕಡಿಮೆ ಮಾಡಿದೀರಿ. ವಾರಕ್ಕೆ ನಾಲ್ಕು ದಿನ ಸಾಕಾಗಿಲ್ಲ, ಐದು ಮಾಡಿ. ಕೊನೇ 6 ಕಿಲೋಮೀಟರ್ ನಡೆದಿದ್ದು ಕಾಲಿನ ಸೋಲಲ್ಲ ಮನಸ್ಸಿನ ಸೋಲು, ನೀವೇ ಬರ್ದಿದೀರಿ ವಾಚ್ ನೋಡಿದ ಕ್ಷಣ ಭಾರ ಆಯ್ತು ಅಂತ. ನಮ್ಮನ್ನ ನಾವೇ ಸ್ವಲ್ಪ ಬೈಕೊಳ್ದೇ ಇದ್ರೆ ಯಾವ ಕೆಲಸಾನೂ ಆಗಲ್ಲ, ನನ್ನ ಅನುಭವ.

ಲೆಕ್ಕದ_ಮೇಷ್ಟ್ರು:
ಬೆಳಗಿನ_ಹೆಜ್ಜೆ ಅವರೇ, ಒಂದೇ ಪ್ರಶ್ನೆ. ಈ 2 ಗಂಟೆ ಅನ್ನೋ ನಂಬರ್ ಎಲ್ಲಿಂದ ಬಂತು? ಓಟಕ್ಕೆ ಮುಂಚೆ ನೀವು 10 ಕಿಲೋಮೀಟರ್ ಅತಿ ವೇಗವಾಗಿ ಓಡಿದ್ದು ಎಷ್ಟು ನಿಮಿಷದಲ್ಲಿ?

ಬೆಳಗಿನ_ಹೆಜ್ಜೆ:
@ಲೆಕ್ಕದ_ಮೇಷ್ಟ್ರು ಸರ್, ಎಲ್ರೂ 2 ಗಂಟೆ ಒಳಗೆ ಅಂತಾರಲ್ಲ, ಹಾಗೇ ಇಟ್ಕೊಂಡೆ, ಬೇರೆ ಕಾರಣ ಇಲ್ಲ. 10 ಕಿಲೋಮೀಟರ್ ಬೆಸ್ಟ್ 62 ನಿಮಿಷ, ಓಟಕ್ಕೆ ಒಂದು ತಿಂಗಳ ಮುಂಚೆ.

ಲೆಕ್ಕದ_ಮೇಷ್ಟ್ರು:
ಹಾಗಾದ್ರೆ ಸ್ವಲ್ಪ ಸಮಾಧಾನವಾಗಿ ಕೂತು ಓದಿ. ಪೀಟರ್ ರೀಗಲ್ ಅಂತ ಒಬ್ಬ ಅಮೆರಿಕನ್ ಎಂಜಿನಿಯರ್ 1977ರಲ್ಲಿ ಒಂದು ಸರಳ ಸೂತ್ರ ಕೊಟ್ಟಿದಾರೆ, ಓಟಗಾರರು ಇವತ್ತಿಗೂ ಬಳಸ್ತಾರೆ. ದೂರ ಎರಡು ಪಟ್ಟು ಆದ್ರೆ ಸಮಯ ಎರಡು ಪಟ್ಟು ಆಗಲ್ಲ, ಸ್ವಲ್ಪ ಜಾಸ್ತೀನೇ ಆಗುತ್ತೆ, ಯಾಕಂದ್ರೆ ದೂರ ಹೆಚ್ಚಾದ ಹಾಗೆ ವೇಗ ಇಳಿಯುತ್ತೆ. ಹೊಸ ದೂರವನ್ನ ಹಳೇ ದೂರದಿಂದ ಭಾಗಿಸಿ, ಬಂದಿದ್ದಕ್ಕೆ 1.06 ಘಾತ ಹಾಕಿ, ಹಳೇ ಸಮಯಕ್ಕೆ ಗುಣಿಸಬೇಕು. ಅಷ್ಟೇ ಲೆಕ್ಕ.

ಹಾಫ್ ಮ್ಯಾರಥಾನ್ 21.0975 ಕಿಲೋಮೀಟರ್. ನಿಮ್ಮ 62 ನಿಮಿಷ ಹಾಕಿದ್ರೆ ಎಷ್ಟು ಬರುತ್ತೆ ಗೊತ್ತಾ? ಹತ್ರ ಹತ್ರ 137 ನಿಮಿಷ. ಅಂದ್ರೆ 2 ಗಂಟೆ 17 ನಿಮಿಷ.

ನಿಮ್ಮ ದೇಹ ಅವತ್ತು ಎಷ್ಟು ಓಡ್ಬಲ್ಲದೋ ಅಷ್ಟೂ ಓಡಿದೆ, ಒಂದು ನಿಮಿಷಾನೂ ಬಾಕಿ ಉಳಿಸ್ಕೊಂಡಿಲ್ಲ. ಎರಡು ಗಂಟೆ ಒಳಗೆ ಮುಗಿಸ್ಬೇಕಿದ್ರೆ 10 ಕಿಲೋಮೀಟರ್ ಸುಮಾರು 54 ನಿಮಿಷಕ್ಕೆ ಬಂದಿರಬೇಕಿತ್ತು. ಆ ತಿಂಗಳಲ್ಲಿ ಅದು ಆಗ್ತಿರಲಿಲ್ಲ. ತಪ್ಪಿದ್ದು ನಂಬರ್, ನೀವಲ್ಲ.

ಸುಮ್ನೆ_ಓದುಗ:
ಅಬ್ಬಾ. ಮೈ ಜುಮ್ ಅಂತು ಓದಿ.

ನೇರನುಡಿ:
ಸೂತ್ರ ಒಂದು ಅಂದಾಜು ಅಷ್ಟೇ ಮೇಷ್ಟ್ರೇ. ಅದನ್ನೇ ನಂಬ್ಕೊಂಡು ಕೂತ್ರೆ ಯಾರೂ ಸೂತ್ರ ಮೀರಿ ಓಡೋದೇ ಇಲ್ಲ.

ಲೆಕ್ಕದ_ಮೇಷ್ಟ್ರು:
ಅಂದಾಜೇ, ಒಪ್ತೀನಿ. ಬಿಸಿಲು, ಏರು, ನಿದ್ದೆ ಎಲ್ಲ ಲೆಕ್ಕ ಕೆಡಿಸುತ್ವೆ. ಅದರ ಜೊತೆ ಅವರು ಮೊದಲರ್ಧ 2 ಗಂಟೆ ಲೆಕ್ಕದಲ್ಲೇ ಓಡಿರ್ತಾರೆ, ಅಂದ್ರೆ ಕಿಲೋಮೀಟರಿಗೆ 5 ನಿಮಿಷ 40 ಸೆಕೆಂಡ್, ಅವರ ಆಗಿನ ದಮ್ಮಿಗೆ ಅದು ತುಂಬಾ ಜಾಸ್ತಿ ವೇಗ. 15ರಲ್ಲಿ ಕಾಲು ಭಾರ ಆಗಿದ್ದು ಮನಸ್ಸಿನ ಸೋಲು ಅಂತ ನೀವು ಅಂದ್ರಿ, ನಾನು ಮೊದಲರ್ಧದ ಸಾಲ ಅಂತೀನಿ. ಆರೂವರೆ ನಿಮಿಷದ ಹಾಗೆ ಒಂದೇ ಸಮ ಓಡಿದ್ರೆ ಅದೇ 2:17 ನಗ್ತಾ ಬರ್ತಿತ್ತು, ಒಂದೆರಡು ನಿಮಿಷ ಕಡಿಮೇನೂ ಆಗ್ತಿತ್ತೇನೋ. ನಾಲ್ಕು ದಿನ ಐದು ಮಾಡಿ ಅಂತ ಸುಲಭವಾಗಿ ಹೇಳ್ಬೇಡಿ, ಹೊಸಬ್ರು ಅಲ್ಲೇ ಮೊಣಕಾಲು ಕೆಡಿಸ್ಕೊಳ್ಳೋದು.

ಕಡಲ_ಹಕ್ಕಿ:
ಮಾರಾಯ್ರೆ, ನಂದೊಂದು ಕತೆ ಉಂಟು. ಓಟದ್ದಲ್ಲ, ಭಾಷೆ ಕಲಿಯುವುದರದ್ದು. ಫೋನಿನಲ್ಲಿ ಒಂದು ಆ್ಯಪ್ ಹಾಕ್ಕೊಂಡು ಜಪಾನೀಸ್ ಕಲೀಲಿಕ್ಕೆ ಶುರು ಮಾಡಿದ್ದೆ. ದಿನಾ ಹತ್ತು ನಿಮಿಷ. ಎಷ್ಟು ದಿನ ಬಿಡದೆ ಮಾಡಿದ್ದೀರಿ ಅಂತ ಅದು ಎಣಿಸ್ತದೆ. 214 ದಿನ ಆಗಿತ್ತು. ಒಂದು ದಿನ ಪ್ರಯಾಣದಲ್ಲಿ ಮರ್ತೇ ಹೋಯ್ತು, ಬೆಳಿಗ್ಗೆ ನೋಡಿದ್ರೆ ಸೊನ್ನೆ. ದೊಡ್ಡ ಸೊನ್ನೆ ಸ್ಕ್ರೀನಿನ ನಡುವೆ. ನಂಗೆ ಎಂತ ಆಯ್ತು ಹೇಳಿದ್ರೆ, ಕಲಿತ ಶಬ್ದ ಎಲ್ಲ ತಲೆಯಲ್ಲೇ ಉಂಟು, ಒಂದೂ ಎಲ್ಲಿಗೂ ಹೋಗ್ಲಿಲ್ಲ, ಆದ್ರೂ ಎಲ್ಲ ಹೋಯ್ತು ಅಂತ ಅನಿಸಿ ಆ್ಯಪನ್ನೇ ತೆಗ್ದುಬಿಟ್ಟೆ. ನಾಲ್ಕು ತಿಂಗಳು ಒಂದಕ್ಷರ ಓದ್ಲಿಲ್ಲ. ಒಂದು ದಿನ ತಪ್ಪಿದ್ದಕ್ಕೆ ನೂರಿಪ್ಪತ್ತು ದಿನ ಬಿಟ್ಟದ್ದು. ಈಗ ಯೋಚಿಸಿದ್ರೆ ಹೊಟ್ಟೆ ಉರೀತದೆ.

ಪದಗಳ_ಬೆನ್ನಟ್ಟಿ:
@ಕಡಲ_ಹಕ್ಕಿ ಇದಕ್ಕೆ ನಮ್ಮಲ್ಲಿ ಗಾದೆನೇ ಇದೆಯಲ್ಲ, ಮುಳುಗಿದವನಿಗೆ ಚಳಿಯೇನು ಮಳೆಯೇನು ಅಂತ. ಡಯಟ್ ಮಾಡೋರ ಮೇಲೆ ಪೀಟರ್ ಹರ್ಮನ್, ಜಾನೆಟ್ ಪೊಲಿವಿ ಅನ್ನೋ ಮನಶ್ಶಾಸ್ತ್ರಜ್ಞರು 70ರ ದಶಕದಿಂದ ಕೆಲಸ ಮಾಡಿದಾರೆ. ಡಯಟ್ ಇವತ್ತಿಗೆ ಮುರೀತು ಅಂತ ಅನ್ಸಿದ ತಕ್ಷಣ, ಕಡಿಮೆ ತಿನ್ನೋ ಬದಲು ಇನ್ನೂ ಜಾಸ್ತಿ ತಿಂತಾರೆ ಅಂತ ಕಂಡ್ಕೊಂಡ್ರು. ಹೇಗೂ ಕೆಟ್ಟೋಯ್ತಲ್ಲ ಅನ್ನೋ ಮನಸ್ಸು. ಮೊದಲನೇ ತಪ್ಪು ಚಿಕ್ಕದು, ಅದರ ಹಿಂದೆ ಬರೋ ಕೈಚೆಲ್ಲೋದೇ ದೊಡ್ಡದು.

ಆಮೇಲೆ ಇನ್ನೊಂದು. 21 ದಿನ ಮಾಡಿದ್ರೆ ಅಭ್ಯಾಸ ಆಗುತ್ತೆ ಅಂತ ಎಲ್ರೂ ಹೇಳ್ತಾರೆ, ಅದು ಸರಿ ಇಲ್ಲ. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅಂತ ಪ್ಲಾಸ್ಟಿಕ್ ಸರ್ಜನ್ ಇದ್ರು, ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ಒಗ್ಗೋಕೆ ಕಮ್ಮಿ ಅಂದ್ರೂ 21 ದಿನ ಬೇಕು ಅಂತ 1960ರಲ್ಲಿ ಬರೆದ್ರು. "ಕಮ್ಮಿ ಅಂದ್ರೂ" ಅನ್ನೋದು ಬಾಯಿಂದ ಬಾಯಿಗೆ ಹೋಗ್ತಾ ಉದುರಿಹೋಯ್ತು. ಯೂನಿವರ್ಸಿಟಿ ಕಾಲೇಜ್ ಲಂಡನ್‌ನಲ್ಲಿ ಫಿಲಿಪಾ ಲಾಲಿ ಮತ್ತೆ ಅವರ ತಂಡ 96 ಜನರನ್ನ ಇಟ್ಕೊಂಡು ನೋಡಿದಾಗ ಸುಮಾರು 66 ದಿನ ಅಂತ ಬಂತು, ಅದೂ ಒಬ್ಬರಿಗೆ 18 ದಿನ, ಇನ್ನೊಬ್ಬರಿಗೆ 254 ದಿನದ ತನಕ. ನಿಮಗೆ ಮುಖ್ಯವಾದ ಮಾತು ಇದು, ನಡುವೆ ಒಂದು ದಿನ ತಪ್ಪಿದ್ರೆ ಅಭ್ಯಾಸ ಬೆಳೆಯೋದಕ್ಕೆ ಹೇಳ್ಕೊಳೋ ಅಂಥ ತೊಂದ್ರೆ ಆಗಲಿಲ್ಲ ಅಂತಾನೂ ಅವರು ಕಂಡಿದಾರೆ. ನಿಮ್ಮ ಆ್ಯಪ್ ತೋರಿಸಿದ ಸೊನ್ನೆ ಸುಳ್ಳು.

ಕಡಲ_ಹಕ್ಕಿ:
ಇದು ನಾಲ್ಕು ತಿಂಗಳ ಹಿಂದೆ ಗೊತ್ತಿದ್ರೆ ಒಳ್ಳೇದಿತ್ತು. ಈಗ ಪುಸ್ತಕ ಹಿಡ್ದು ಕಲೀತಿದ್ದೇನೆ, ಯಾರೂ ಎಣಿಸುವವರಿಲ್ಲ. ಐದು ದಿನ ಓದ್ತೇನೆ, ಎರಡು ದಿನ ಬಿಡ್ತೇನೆ, ನೆಮ್ಮದಿ ಉಂಟು.

ನಡಿಗೆ_ನಿಲ್ಲಲ್ಲ:
ನಂಬರ್ ವಿಷ್ಯ ಬಂತಲ್ಲ, ನಂದೂ ಒಂದು. ದಿನಾ 10,000 ಹೆಜ್ಜೆ ಅಂತ ಗುರಿ ಹಾಕ್ಕೊಂಡು ಎರಡು ವರ್ಷ 7000 ದಾಟೋಕಾಗ್ದೆ ಪ್ರತಿ ರಾತ್ರಿ ಬೇಜಾರಲ್ಲಿ ಮಲಗಿದೀನಿ. ಆಮೇಲೆ ಓದಿದೆ, ಈ 10,000 ಅನ್ನೋದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸೋ ಯಂತ್ರದ ಹೆಸರಿಂದ ಬಂದಿದ್ದು, "ಹತ್ತು ಸಾವಿರ ಹೆಜ್ಜೆ ಮಾಪಕ" ಅಂತ ಅದರ ಅರ್ಥ. ಡಾಕ್ಟರು ಪರೀಕ್ಷೆ ಮಾಡಿ ಹೇಳಿದ್ದಲ್ಲ. 2019ರಲ್ಲಿ ವಯಸ್ಸಾದ ಹೆಂಗಸರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನದಲ್ಲಿ 2700 ನಡೆಯೋರಿಗಿಂತ 4400 ನಡೆಯೋರಲ್ಲಿ ಸಾವಿನ ಪ್ರಮಾಣ ಸಾಕಷ್ಟು ಕಡಿಮೆ ಇತ್ತು, 7500ರ ಆಸುಪಾಸಿಗೆ ಬಂದ ಮೇಲೆ ಇನ್ನೂ ಹೆಚ್ಚು ನಡೆದ್ರೂ ಆ ಲೆಕ್ಕದಲ್ಲಿ ಜಾಸ್ತಿ ಲಾಭ ಕಾಣಲಿಲ್ಲ. ನಾನು ಎರಡು ವರ್ಷ ಸೋತೆ ಅಂದ್ಕೊಂಡು ಮಲಗಿದ ದಿನಗಳೆಲ್ಲ ನಿಜವಾಗಿ ಚೆನ್ನಾಗೇ ಇದ್ದ ದಿನಗಳು!

ತಂಗಾಳಿ_ಸಂಜೆ:
@ನಡಿಗೆ_ನಿಲ್ಲಲ್ಲ ನನ್ನ ವಾಚ್ ಕೂತಲ್ಲೇ ಕೈ ಆಡಿಸಿದ್ರೂ ಹೆಜ್ಜೆ ಎಣಿಸುತ್ತೆ, ನಿಮ್ದೂ ಹಾಗೇನಾ?

ನಡಿಗೆ_ನಿಲ್ಲಲ್ಲ:
ಹೌದು, ಬಟ್ಟೆ ಮಡಚಿದ್ರೂ ಎಣಿಸುತ್ತೆ. ಫೋನ್ ಜೇಬಲ್ಲಿಟ್ಕೊಂಡು ನೋಡಿ, ಸ್ವಲ್ಪ ವಾಸಿ.

ಟ್ರ್ಯಾಕ್_ಪ್ರೇಮಿ:
ದುಂಡನೆ ನಂಬರ್ ಮೋಹ ಎಲ್ರಿಗೂ ಇದೆ. ಹತ್ರ ಹತ್ರ ಒಂದು ಕೋಟಿ ಮ್ಯಾರಥಾನ್ ಫಲಿತಾಂಶ ಕೂಡಿಸಿ ನೋಡಿದೋರು ಇದಾರೆ, 3 ಗಂಟೆ, ಮೂರೂವರೆ, 4 ಗಂಟೆಗೆ ಒಂದೆರಡು ನಿಮಿಷ ಮುಂಚೆ ಮುಗಿಸಿದೋರ ಗುಂಪು ದೊಡ್ಡದು, ದಾಟಿದ ತಕ್ಷಣ ಸಂಖ್ಯೆ ಇಳಿಯುತ್ತೆ. ಗೆರೆ ಹತ್ರ ಇದ್ರೆ ಆ ಗೆರೇನೇ ಜನರನ್ನ ಎಳ್ಕೊಂಡು ಹೋಗುತ್ತೆ. ಹಾಗಾಗಿ ಗುರಿ ನಂಬರ್ ಕೆಟ್ಟದ್ದು ಅಂತ ನಾನು ಒಪ್ಪಲ್ಲ.

ಆಮೇಲೆ ಎಲಿಯುಡ್ ಕಿಪ್ಚೋಗೆ ನೆನಪಿಸ್ಕೊಳ್ಳಿ. 2012ರಲ್ಲಿ ಕೀನ್ಯಾ ಒಲಿಂಪಿಕ್ ತಂಡಕ್ಕೇ ಆಯ್ಕೆ ಆಗಲಿಲ್ಲ. ಟ್ರ್ಯಾಕ್ ಬಿಟ್ಟು ರಸ್ತೆ ಓಟಕ್ಕೆ ಬಂದ್ರು, 2016ರಲ್ಲಿ ರಿಯೋ ಮ್ಯಾರಥಾನ್ ಚಿನ್ನ. 2017ರಲ್ಲಿ ಇಟಲಿಯ ಮೊಂಜಾದಲ್ಲಿ 2 ಗಂಟೆ ಒಳಗೆ ಮ್ಯಾರಥಾನ್ ಮುಗಿಸ್ತೀನಿ ಅಂತ ಹೊರಟು 2:00:25. ಬರೀ 25 ಸೆಕೆಂಡ್! ಅಷ್ಟಕ್ಕೆ ನಿಲ್ಲಲಿಲ್ಲ, 2019 ಅಕ್ಟೋಬರಲ್ಲಿ ವಿಯೆನ್ನಾದಲ್ಲಿ 1:59:40. ನಿಮ್ಮ 17 ನಿಮಿಷ ಯಾವ ಲೆಕ್ಕ ಅಣ್ಣಾ, ಏಳಿ.

ಪದಗಳ_ಬೆನ್ನಟ್ಟಿ:
ಚಿಕ್ಕ ಸೇರ್ಪಡೆ, ವಿಯೆನ್ನಾದ್ದು ಅಧಿಕೃತ ವಿಶ್ವದಾಖಲೆ ಅಲ್ಲ. ವೇಗ ತೋರಿಸೋ ಓಟಗಾರರು ಸರದಿ ಪ್ರಕಾರ ಜೊತೆಗೆ ಓಡ್ತಿದ್ರು, ಮುಂದೆ ಕಾರು ಹೋಗ್ತಿತ್ತು.

ಟ್ರ್ಯಾಕ್_ಪ್ರೇಮಿ:
ಗೊತ್ತು ಗೊತ್ತು. ಓಡಿದ ಕಾಲಂತೂ ಅವರದೇ ತಾನೇ.

ಮೂರನೇ_ಅಧ್ಯಾಯ:
ಈ ಥರ ಗೆದ್ದೋರ ಕತೆ ಹೇಳ್ದಾಗೆಲ್ಲ ನನಗೆ ಒಂದು ತಕರಾರು ಇದೆ, ಸಿಟ್ಟಲ್ಲಿ ಹೇಳ್ತಿಲ್ಲ. ಸೋತು ಆಮೇಲೆ ಗೆದ್ದೋರ ಹೆಸರು ನಮಗೆ ಗೊತ್ತು. ಅಷ್ಟೇ ಕಷ್ಟಪಟ್ಟು, ಅಷ್ಟೇ ಸಲ ಎದ್ದು, ಗೆಲ್ಲದೇ ಉಳಿದೋರ ಹೆಸರು ಗೊತ್ತಿಲ್ಲ. ಹಾಗಾಗಿ "ಬಿಡಬೇಡ, ಒಂದಿನ ಸಿಕ್ಕೇ ಸಿಗುತ್ತೆ" ಅನ್ನೋ ಮಾತು ಅರ್ಧ ಸತ್ಯ. ಸಿಗದೇ ಇದ್ರೂ ಮಾಡೋ ಅಷ್ಟು ಆ ಕೆಲಸ ಇಷ್ಟಾನಾ ಅನ್ನೋದೇ ಕೇಳ್ಕೋಬೇಕಾದ ಪ್ರಶ್ನೆ.

ನನ್ನ ಕತೆ ಹೇಳ್ತೀನಿ. ಪಿಎಚ್‌ಡಿ ಪ್ರಬಂಧದ ಮೂರನೇ ಅಧ್ಯಾಯ ಎರಡು ತಿಂಗಳಲ್ಲಿ ಮುಗಿಸ್ತೀನಿ ಅಂತ ಗೋಡೆ ಮೇಲೆ ಚೀಟಿ ಅಂಟಿಸಿದ್ದೆ. ಎರಡು ನಾಲ್ಕಾಯ್ತು, ನಾಲ್ಕು ಏಳಾಯ್ತು. ಪ್ರತಿ ಸಲ ಹಳೇ ತಾರೀಖಿನ ಮೇಲೆ ಹೊಸ ಚೀಟಿ ಅಂಟಿಸ್ತಿದ್ದೆ, ಕೊನೆಗೆ ಅಲ್ಲೊಂದು ದಪ್ಪ ಕಾಗದದ ಗಂಟೇ ಆಗಿತ್ತು. ಅದನ್ನ ನೋಡೋಕಾಗ್ದೆ ಮೇಜನ್ನೇ ಬೇರೆ ಗೋಡೆ ಕಡೆ ತಿರುಗಿಸ್ಕೊಂಡೆ. ಆಮೇಲೆ ಗೊತ್ತಾಗಿದ್ದು, ಇದು ನನ್ನೊಬ್ಬಳ ಸೋಮಾರಿತನ ಅಲ್ಲ ಅಂತ. ಡೇನಿಯಲ್ ಕಾನೆಮನ್, ಆಮೋಸ್ ಟ್ವೆರ್ಸ್ಕಿ ಅನ್ನೋ ಮನಶ್ಶಾಸ್ತ್ರಜ್ಞರು 1979ರಲ್ಲೇ ಇದಕ್ಕೆ "ಪ್ಲಾನಿಂಗ್ ಫಾಲಸಿ" ಅಂತ ಹೆಸರಿಟ್ಟಿದಾರೆ, ನಾವು ಯೋಜನೆ ಹಾಕೋವಾಗ ಎಲ್ಲ ಸರಿಯಾಗೇ ನಡೆಯುತ್ತೆ ಅಂತ ಅಂದ್ಕೊಂಡೇ ಹಾಕ್ತೀವಿ. 1994ರ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಸರಾಸರಿ 34 ದಿನಕ್ಕೆ ಮುಗಿಯುತ್ತೆ ಅಂದಿದ್ರು, ಮುಗಿದಿದ್ದು 55 ದಿನಕ್ಕೆ. ಎಲ್ಲ ಕೆಟ್ರೆ ಎಷ್ಟು ದಿನ ಅಂತ ಕೇಳಿದ್ದಕ್ಕೂ 49 ಅಂದಿದ್ರು. ಅಂದ್ರೆ ಅತಿ ಕೆಟ್ಟ ಅಂದಾಜಿಗಿಂತ ನಿಜ ಇನ್ನೂ ನಿಧಾನ. ಇದನ್ನ ಓದಿದ ದಿನ ನಾನು ಅತ್ತೆ, ಹಗುರ ಆಗಿ ಅತ್ತೆ.

ಈಗ ಚೀಟಿ ಇಲ್ಲ. ಹಿಂದಿನ ಅಧ್ಯಾಯಕ್ಕೆ ನಿಜವಾಗಿ ಎಷ್ಟು ದಿನ ಹಿಡೀತು ಅಂತ ಬರ್ದಿಟ್ಟಿದೀನಿ, ಮುಂದಿನದಕ್ಕೆ ಅಷ್ಟೇ ಕೊಡ್ತೀನಿ.

ನೇರನುಡಿ:
@ಮೂರನೇ_ಅಧ್ಯಾಯ ಮೇಡಂ, ಅದು ಗುರಿ ಇಳಿಸ್ಕೊಂಡ ಹಾಗೆ ಆಗಲ್ವಾ? ಹೀಗೆ ಇಳಿಸ್ತಾ ಹೋದ್ರೆ ಎಲ್ಲಿ ನಿಲ್ಲೋದು? ನಿಜವಾಗ್ಲೂ ಕೇಳ್ತಿದೀನಿ.

ಮೂರನೇ_ಅಧ್ಯಾಯ:
ಇಲ್ಲ ಸರ್, ಪ್ರಬಂಧ ಅದೇ ಪ್ರಬಂಧ, ಒಂದು ಪುಟಾನೂ ಕಡಿಮೆ ಮಾಡಿಲ್ಲ. ಬದಲಾಯಿಸಿದ್ದು ತಾರೀಖು ಮಾತ್ರ. ನನ್ನನ್ನ ನಾನು ದಿನಾ ಬೈಕೊಂಡ ಏಳು ತಿಂಗಳಲ್ಲಿ ಬರ್ದಿದ್ದು 20 ಪುಟ. ಬಿಟ್ಟ ಮೇಲೆ ಮೂರು ತಿಂಗಳಲ್ಲಿ 45. ನೀವು ಬೈಕೊಂಡ್ರೆ ಕೆಲಸ ಆಗುತ್ತೆ ಅಂದ್ರಿ, ನಂಗೆ ಉಲ್ಟಾ ಆಯ್ತು.

ಪದಗಳ_ಬೆನ್ನಟ್ಟಿ:
ಇದರ ಮೇಲೂ ಪ್ರಯೋಗ ಆಗಿದೆ. 2012ರಲ್ಲಿ ಜೂಲಿಯಾನಾ ಬ್ರೈನ್ಸ್, ಸೆರಿನಾ ಚೆನ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಕಷ್ಟದ ಪದ ಪರೀಕ್ಷೆ ಕೊಟ್ಟು, ಸರಿ ಮಾಡದೇ ಇದ್ದಾಗ ಒಂದು ಗುಂಪಿಗೆ "ಇದು ಎಲ್ರಿಗೂ ಆಗೋದೇ, ನಿಮ್ಮ ಮೇಲೆ ತುಂಬಾ ಕಠಿಣ ಆಗ್ಬೇಡಿ" ಅನ್ನೋ ಅರ್ಥದ ಮಾತು ಹೇಳಿದ್ರು. ಆ ಗುಂಪಿನೋರೇ ಎರಡನೇ ಪರೀಕ್ಷೆಗೆ ಜಾಸ್ತಿ ಹೊತ್ತು ಓದಿದ್ದು. ತನ್ನ ಮೇಲೆ ಮೆತ್ತಗಾದ್ರೆ ಸೋಮಾರಿ ಆಗ್ತೀವಿ ಅನ್ನೋ ಭಯ ನಮಗೆಲ್ಲ ಇದೆ, ಅಲ್ಲಿ ಹಾಗೆ ಆಗಲಿಲ್ಲ.

ನೇರನುಡಿ:
ಸರಿ, ಇದನ್ನ ಯೋಚಿಸ್ತೀನಿ. ನಮ್ಮಪ್ಪ ಬೈದೇ ಬೆಳೆಸಿದ್ದು, ಅದೇ ದಾರಿ ಗೊತ್ತಿರೋದು ನನಗೆ.

ಗಟ್ಟಿ_ಜೀವ:
ಎಲ್ಲಾರದೂ ಓದಿದೆ, ನಮ್ಮವ್ವನ ಮಾತು ಹೇಳ್ತೀನಿ ಕೇಳ್ರಿ. ಹೋದ ವರ್ಷ ಆಕಿಗೆ ಪಾರ್ಶ್ವವಾಯು ಆತು, ಎಡಗಡೆ ಕೈ ಕಾಲು ಬಿದ್ದಹೋದ್ವು. ಮನಿಗೆ ಬಂದ ಮ್ಯಾಲ ಆಕಿನೇ ಹೇಳಿದ್ಲು, ಮೂರು ತಿಂಗಳೊಳಗ ಕೋಲಿಲ್ದ ಅಡ್ಡಾಡತೀನಿ ನೋಡ್ರಿ ಅಂತ. ಭಾಳ ಗಟ್ಟಿ ಹೆಣಮಗಳು. ಮೂರು ತಿಂಗಳಾತು, ಕೋಲು ಬಿಡಾಕ ಆಗಲಿಲ್ಲ. ಅವತ್ತ ಆಕಿ ಮಾರಿ ಗ್ವಾಡಿ ಕಡೆ ತಿರುಗಿಸಿ ಮಲಗಿದ್ಲು. ವ್ಯಾಯಾಮ ಮಾಡಿಸಾಕ ಬರೋ ಫಿಸಿಯೋ ಹುಡುಗಿಗೆ "ನಾಳೆಯಿಂದ ಬರಬ್ಯಾಡವ್ವ" ಅಂದ್ಲು. ಒಂಬತ್ತು ದಿನ ಹಾಸಿಗಿ ಬಿಟ್ಟು ಏಳಲಿಲ್ಲ. ನಮಗ ಕೈಕಾಲ ಆಡಲಿಲ್ಲ.

ಹತ್ತನೇ ದಿನ ಆ ಹುಡುಗಿ ತಾನಾಗೇ ಬಂದ್ಲು. ಏನೂ ಬುದ್ಧಿ ಹೇಳಲಿಲ್ಲ. ಒಂದು ಸೀಮೆಸುಣ್ಣ ತಗೊಂಡು ಮಂಚದಿಂದ ಕಿಟಕಿ ತನಕ ನೆಲದ ಮ್ಯಾಲ ಗೆರಿ ಎಳೆದ್ಲು, ಹೆಜ್ಜಿಗೊಂದು. ಹದಿನಾಲ್ಕು ಗೆರಿ ಆದ್ವು. "ಅಮ್ಮಾ, ಮೊದಲನೇ ವಾರ ನೀವು ಇಲ್ಲಿಗೆ ನಿಂತಿದ್ರಿ" ಅಂತ ಎರಡನೇ ಗೆರಿ ತೋರಿಸಿದ್ಲು. "ಈಗ ಕಿಟಕಿ ಮುಟ್ಟಿ ತಿರುಗಿ ಬರ್ತೀರಿ, ಅಂದ್ರ ಇಪ್ಪತ್ತೆಂಟು." ಅವ್ವ ಭಾಳ ಹೊತ್ತು ಆ ಗೆರಿ ನೋಡಿದ್ಲು. ಆಮ್ಯಾಲ ಕೋಲು ಕೇಳಿದ್ಲು.

ಆಕಿ ಇವತ್ತಿಗೂ ಕೋಲು ಹಿಡ್ಕೊಂಡೇ ಅಡ್ಡಾಡ್ತಾಳ. ಆದ್ರ ತಾನೇ ಎದ್ದು, ತಾನೇ ಜಳಕದ ಮನಿಗೆ ಹೋಗಿ, ತಾನೇ ಬಂದು ಕಿಟಕಿ ಹತ್ರ ಕುಂಡ್ರತಾಳ. ಆ ಗೆರಿ ಒರೆಸಾಕ ಯಾರಿಗೂ ಬಿಡೂದಿಲ್ಲ, ಮಾಸಿದ್ರ ನನಗ ಹೇಳಿ ಮತ್ತ ಎಳಸ್ತಾಳ.

ಹೆಜ್ಜೆ ಅಣ್ಣಾರ, ನೀವು 2 ಗಂಟೆ ಗೆರಿ ಒಂದ ನೋಡಾಕತ್ತೀರಿ. ಒಂದು ಕಿಲೋಮೀಟರ್‌ಗೆ ದಮ್ಮು ಹತ್ತಿದ ಗೆರಿ ಎಲ್ಲಿ ಐತಿ ಅಂತ ಹಿಂದ ತಿರುಗಿ ನೋಡ್ರಿ.

ಸುಮ್ನೆ_ಓದುಗ:
ಅಕ್ಕಾ, ಅಮ್ಮಂಗೆ ನನ್ನ ನಮಸ್ಕಾರ ಹೇಳಿ.

ಕಡಲ_ಹಕ್ಕಿ:
ಕಣ್ಣು ತುಂಬಿ ಬಂತು. ಆ ಫಿಸಿಯೋ ಹುಡುಗಿ ದೊಡ್ಡವಳು.

ಹಳೇ_ಬೇರು:
ನಾನು ಸ್ವಲ್ಪ ಬೇರೆ ಮಾತು ಹೇಳೋಕೆ ಬಂದೆ, ವಯಸ್ಸು 58. ಎಲ್ಲ ಗುರೀನೂ ಹಿಡ್ಕೊಂಡೇ ಇರಬೇಕು ಅಂತೇನಿಲ್ಲ. ನಾನು ಇಪ್ಪತ್ತಾರರಿಂದ ಮೂವತ್ತೈದರ ತನಕ ಒಂದೇ ಸರ್ಕಾರಿ ಪರೀಕ್ಷೆಗೆ ಕೂತೆ. ಒಂಬತ್ತು ವರ್ಷ. ಪ್ರತಿ ಸಲ ಸ್ವಲ್ಪದರಲ್ಲೇ ತಪ್ಪೋದು, ಅದೇ ಕಷ್ಟ, ದೂರ ತಪ್ಪಿದ್ರೆ ಬೇಗ ಬಿಡ್ತಿದ್ದೆನೋ ಏನೋ. ಬಿಟ್ಟ ಮೇಲೆ ಎರಡು ವರ್ಷ ಯಾರಿಗೂ ಮುಖ ತೋರಿಸಲಿಲ್ಲ. ಆಮೇಲೆ ಅದೇ ಓದಿದ ವಿಷಯ ಹುಡುಗ್ರಿಗೆ ಪಾಠ ಮಾಡೋಕೆ ಶುರು ಮಾಡ್ದೆ, ಇವತ್ತಿಗೂ ಮಾಡ್ತೀನಿ, ಇಷ್ಟಪಟ್ಟು ಮಾಡ್ತೀನಿ.

ಮುಟ್ಟೋಕಾಗದ ಗುರಿ ಬಿಟ್ಟು ಬೇರೆ ಗುರಿ ಹಿಡಿಯೋ ಜನ ಮನಸ್ಸಿಗೆ ಹೆಚ್ಚು ನೆಮ್ಮದಿಯಾಗಿರ್ತಾರೆ ಅಂತ ಕಾರ್ಸ್ಟನ್ ರಾಷ್ ಅನ್ನೋ ಮನಶ್ಶಾಸ್ತ್ರಜ್ಞರು ಮತ್ತೆ ಜೊತೆಯವರು 2003ರಲ್ಲಿ ಬರೆದಿದಾರೆ. ಅದರಲ್ಲಿ ಎರಡನೇ ಭಾಗ ಮುಖ್ಯ. ಬರೀ ಬಿಡೋದಲ್ಲ, ಬೇರೆ ಹಿಡಿಯೋದು. ನಾನು ಎರಡು ವರ್ಷ ಬರೀ ಬಿಟ್ಟು ಕೂತಿದ್ದೆ, ಅದು ನರಕ.

ಟ್ರ್ಯಾಕ್_ಪ್ರೇಮಿ:
@ಹಳೇ_ಬೇರು ಸರ್ ನಿಮ್ಮ ಮಾತಿಗೆ ಗೌರವ ಇದೆ, ಆದ್ರೆ ಇವರಿಗೆ ಬಿಡಿ ಅಂತ ಹೇಳೋ ಹಂತ ಬಂದಿಲ್ಲ. ಹನ್ನೊಂದು ತಿಂಗಳು ಮಾತ್ರ ಓಡಿದಾರೆ.

ಹಳೇ_ಬೇರು:
ನಾನೂ ಬಿಡಿ ಅಂತ ಹೇಳಲಿಲ್ಲಪ್ಪ. ಯಾವುದನ್ನ ಬಿಡೋದು ಅಂತ ನೋಡ್ಕೊಳ್ಲಿ ಅಂದೆ. 2 ಗಂಟೆ ಬಿಟ್ರೆ ಓಟಾನೇ ಬಿಡ್ಬೇಕು ಅಂತ ಏನಿಲ್ಲ. ಅವರಿಗೆ ಬೇಕಿರೋದು ಆ ನಂಬರಾ, ಇಲ್ಲ ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು ಲೇಸ್ ಕಟ್ಟೋ ಹೊತ್ತಾ? ಅವರ ಬರಹದಲ್ಲಿ ಜೀವ ಇದ್ದಿದ್ದು ಆ ಸಾಲಲ್ಲಿ.

ಲೆಕ್ಕದ_ಮೇಷ್ಟ್ರು:
ಒಪ್ಪಿದೆ ಸರ್. ನಂಬರ್ ಬೇಕೇ ಬೇಕು ಅಂತಾದ್ರೆ 62ರಿಂದ 59ಕ್ಕೆ ಬನ್ನಿ, 10 ಕಿಲೋಮೀಟರ್, ಮೂರ್ನಾಲ್ಕು ತಿಂಗಳು ಇಟ್ಕೊಳ್ಳಿ. ಅದು ನಿಮ್ಮ ಇವತ್ತಿನ ಕಾಲಿಂದ ಹುಟ್ಟಿದ ನಂಬರ್. 59 ಬಂದ್ರೆ ಹಾಫ್ ಸುಮಾರು 2:10 ಅಂತ ಸೂತ್ರ ಹೇಳುತ್ತೆ. ಬಹುಪಾಲು ಓಟ ಮಾತಾಡ್ಕೊಂಡು ಓಡೋ ಅಷ್ಟು ನಿಧಾನ ಇರಲಿ, ವಾರಕ್ಕೊಂದು ದಿನ ಮಾತ್ರ ಜೋರು.

ಕಡಲ_ಹಕ್ಕಿ:
ನಾಲ್ಕು ದಿನ ಅಂತ ಇಟ್ರೆ ತಿಂಗಳಿಗೆ ಎರಡು ದಿನ ರಜೆ ಮೊದಲೇ ಕೊಟ್ಟುಕೊಳ್ಳಿ. ತಪ್ಪಿದಾಗ ರಜೆ ಖರ್ಚಾಯ್ತು ಅಂತ ಆಗ್ತದೆ, ಮುರೀತು ಅಂತ ಆಗುವುದಿಲ್ಲ. ನಂಗೆ ಇದು ಭಾರೀ ಉಪಕಾರ ಆದದ್ದು.

ಬೆಳಗಿನ_ಹೆಜ್ಜೆ:
ನಾಲ್ಕು ದಿನ ಆಯ್ತು ಬರೀದೆ, ಕ್ಷಮಿಸಿ. ಎಲ್ರದೂ ಎರಡೆರಡು ಸಲ ಓದಿದೀನಿ. ಮೇಷ್ಟ್ರ 137 ನಿಮಿಷ ನೋಡಿ ನಾನೇ ಕ್ಯಾಲ್ಕುಲೇಟರ್ ತಗೊಂಡು ಮೂರು ಸಲ ಲೆಕ್ಕ ಹಾಕ್ದೆ, ಮೂರು ಸಲಾನೂ ಅದೇ ಬಂತು. ನನ್ನ ದೇಹ ನನಗೆ ಮೋಸ ಮಾಡ್ಲಿಲ್ಲ ಅಂತ ಗೊತ್ತಾಗೋದು ಇಷ್ಟು ದೊಡ್ಡ ಸಮಾಧಾನ ಅಂತ ಅಂದ್ಕೊಂಡಿರಲಿಲ್ಲ. ಗಟ್ಟಿ_ಜೀವ ಅಕ್ಕ, ನಿಮ್ಮ ಅಮ್ಮನ ಹದಿನಾಲ್ಕು ಗೆರೆ ಮನೆಯವಳಿಗೂ ಓದಿ ಹೇಳ್ದೆ, ಇಬ್ರೂ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ.

ಫೋನಲ್ಲಿ ಹಳೇ ದಾಖಲೆ ತೆಗೆದೆ. ಮೊದಲನೇ ದಿನ 1.1 ಕಿಲೋಮೀಟರ್, 9 ನಿಮಿಷ 50 ಸೆಕೆಂಡ್, ಅದರಲ್ಲಿ ಎರಡು ಸಲ ನಿಂತಿದೀನಿ. ಅವತ್ತು ಮನೆಗೆ ಬಂದು ನೆಲದ ಮೇಲೆ ಮಲಗಿದ್ದು ನೆನಪಿದೆ.

ಇವತ್ತು ಬೆಳಿಗ್ಗೆ ಅಲಾರಂ ಹೊಡೀತು, ಎದ್ದೆ. ಶೂಸ್ ಕೆಸರು ಹಳೇ ಬ್ರಷ್ಷಲ್ಲಿ ಉಜ್ಜಿ ತೆಗೆದೆ, ವಾಚ್ ಮೇಜಿನ ಮೇಲೇ ಬಿಟ್ಟೆ. ಎಷ್ಟು ಓಡ್ದೆ ಅಂತ ಗೊತ್ತಿಲ್ಲ, ಅರ್ಧ ಗಂಟೆ ಇರಬಹುದು. ಕತ್ತಲು ಹರಿಯೋವಾಗ ವಾಪಸ್ ಬಂದೆ. ಮೇಷ್ಟ್ರೇ, 59 ಅನ್ನೋದನ್ನ ಒಪ್ಕೊಂಡಿದೀನಿ, ಆದ್ರೆ ಈ ತಿಂಗಳು ಬೇಡ, ಮುಂದಿನ ತಿಂಗಳಿಂದ. ಒಂದು ಪ್ರಶ್ನೆ, ಮೂರು ವಾರ ಬಿಟ್ಟಿದ್ದಕ್ಕೆ ಮೀನಖಂಡ ಬಿಗಿ ಹಿಡಿದಿದೆ, ಮೆಟ್ಟಿಲು ಇಳಿಯೋವಾಗ ನೋವು. ನಾಳೆ ಓಡ್ಬಹುದಾ?

ಲೆಕ್ಕದ_ಮೇಷ್ಟ್ರು:
ನಾಳೆ ಬೇಡ, ನಡೀರಿ ಸಾಕು. ನಾಡಿದ್ದು ನೋವು ಕಡಿಮೆ ಆಗಿದ್ರೆ ನಿಧಾನವಾಗಿ 3 ಕಿಲೋಮೀಟರ್. ಒಂದೇ ಜಾಗದಲ್ಲಿ ಚುಚ್ಚಿದ ಹಾಗೆ ನೋವಿದ್ರೆ ಇಲ್ಲಾಂದ್ರೆ ಊತ ಬಂದಿದ್ರೆ ಓಡ್ಲೇಬೇಡಿ, ಡಾಕ್ಟರಿಗೆ ತೋರಿಸಿ.

ಗಟ್ಟಿ_ಜೀವ:
ಅವ್ವಗ ಓದಿ ಹೇಳಿದೆ ಅಣ್ಣಾರ. "ಆ ಹುಡುಗಗ ಮೆಡಲ್ ಎಲ್ಲಿಟ್ಟಿ ಅಂತ ಕೇಳು" ಅಂದ್ಲು.

ಬೆಳಗಿನ_ಹೆಜ್ಜೆ:
ಶೂಸ್ ಇಡೋ ಜಾಗದ ಮೇಲೆ ಮೊಳೆ ಹೊಡ್ದು ನೇತುಹಾಕಿದೀನಿ ಅಂತ ಹೇಳಿ ಅಕ್ಕ.